ಇಪ್ಪತ್ತು ಸಾವಿರದ ಮಂದ್ರ

ಕಡಿಮೆ ಬೆಲೆಯ ಬೇಸ್ ಗಿಟಾರ್ ಬಗ್ಗೆ ನುಡಿಸುವವರು ಏನನ್ನುತ್ತಾರೆ, ಏನನ್ನು ಹೇಳದೆ ಬಿಡುತ್ತಾರೆ

"ಇಪ್ಪತ್ತು ಸಾವಿರ ಕೂಡಿಟ್ಟಿದ್ದೀನಿ, ಯಾವ ಬೇಸ್ ತಗೊಳ್ಲಿ?" ಈ ಪ್ರಶ್ನೆಯನ್ನು ಬೇಸ್ ನುಡಿಸುವ ನಾಲ್ವರ ಮುಂದಿಟ್ಟರೆ ಐದು ಉತ್ತರ ಬರುತ್ತವೆ. ಒಬ್ಬರು ಕಣ್ಣುಮುಚ್ಚಿ ಐಬನೆಜ್ ಅನ್ನುತ್ತಾರೆ. ಇನ್ನೊಬ್ಬರಿಗೆ ಯಮಹಾ ಬಿಟ್ಟರೆ ಬೇರೆ ಕಾಣುವುದಿಲ್ಲ. ಮೂರನೆಯವರು ಸ್ಕ್ವೈರ್ ಎಂದು ಹೇಳಿ, ಅದಕ್ಕೆ ಇನ್ನೂ ಸ್ವಲ್ಪ ದುಡ್ಡು ಕೂಡಿಸಿಕೊಂಡು ಬಾ ಎಂದು ಕಳಿಸುತ್ತಾರೆ. ನಾಲ್ಕನೆಯವರದು ಎರಡು ಉತ್ತರ: ಹೊಸದು ಬೇಡ, ಸೆಕೆಂಡ್ ಹ್ಯಾಂಡ್ ತಗೋ, ಹಾಗೆ ನೋಡಿದರೆ ನನ್ನದೇ ಒಂದು ಮನೆಯಲ್ಲಿ ಸುಮ್ಮನೆ ಬಿದ್ದಿದೆ.

ಬೆಂಗಳೂರಿನ ಪದ್ಮನಾಭನಗರದಲ್ಲಿ ಈ ವಾದ್ಯ ಮೊದಲು ಕಣ್ಣಿಗೆ ಬೀಳುವುದು ರಸ್ತೆಯಲ್ಲಿ. ಸಂಜೆ ದೇವೇಗೌಡ ಪೆಟ್ರೋಲ್ ಬಂಕ್ ಸಿಗ್ನಲ್ಲಿನಲ್ಲಿ ನಿಂತ ಸ್ಕೂಟರುಗಳ ಹಿಂದಿನ ಸೀಟಿನಲ್ಲಿ ಬೆನ್ನಿಗೆ ಕಪ್ಪು ಚೀಲ ಏರಿಸಿದ ಹುಡುಗರು, ಹುಡುಗಿಯರು ಇದ್ದೇ ಇರುತ್ತಾರೆ. ಚೀಲದ ತುದಿ ಹೆಲ್ಮೆಟ್ಟಿಗಿಂತ ಒಂದು ಗೇಣು ಮೇಲೆ ಹೋಗಿದ್ದರೆ ಒಳಗಿರುವುದು ಬೇಸ್ ಎಂದೇ ಲೆಕ್ಕ. ಇದು ತಂಬೂರಿ, ಮೃದಂಗ ಕೇಳಿ ಬೆಳೆದ ಸೀಮೆ. ಕಛೇರಿ ಕೇಳಲು ರಾಮನವಮಿ ಬಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನ, ಉಳಿದ ದಿನಗಳಿಗೆ ಕೆ.ಆರ್. ರಸ್ತೆಯ ಗಾಯನ ಸಮಾಜ. ಮೃದಂಗದ ಎಡಗೈ ಗುಮ್ಕಿ ಗೊತ್ತಿರುವ ಕಿವಿಗೆ ಬೇಸ್ ಏನು ಮಾಡುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬೆಲೆಯನ್ನು ಮಾತ್ರ ಬಿಡಿಸಿ ಹೇಳಬೇಕಾಗುತ್ತದೆ.

"ನಾಲ್ಕೇ ತಂತಿ ಇರೋದಲ್ಲೋ! ಆರು ತಂತಿದೇ ಇದರ ಅರ್ಧ ದುಡ್ಡಿಗೆ ಸಿಗುತ್ತಂತೆ" ಎಂದು ಅಮ್ಮ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಉತ್ತರ ತಂತಿಯ ದಪ್ಪದಲ್ಲಿದೆ. ಬೇಸಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಮಾಮೂಲು ಗಿಟಾರಿನ ಕೆಳತಂತಿಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಅಷ್ಟು ಕೆಳಗಿಳಿದೂ ತಂತಿ ಸಡಿಲವಾಗಿ ಜೋಲಬಾರದು ಎಂದರೆ ಅದು ದಪ್ಪವೂ ಇರಬೇಕು, ಉದ್ದವೂ ಇರಬೇಕು. ಹಾಗಾಗಿ ತಂತಿ ಮಿಡಿಯುವ ಉದ್ದ 34 ಇಂಚು. ನಾಲ್ಕೂ ತಂತಿ ಸೇರಿ ನೆಕ್ಕಿನ ಮೇಲೆ ಎಪ್ಪತ್ತು ಕಿಲೋಗೂ ಮೀರಿದ ಎಳೆತ ಹಾಕುತ್ತವೆ. ಅದನ್ನು ವರ್ಷಗಟ್ಟಲೆ ಬಾಗದೆ ತಡೆಯಬೇಕಾದದ್ದು ತೆಳ್ಳನೆಯ ಒಂದು ಮರದ ಪಟ್ಟಿ ಮತ್ತು ಅದರ ಹೊಟ್ಟೆಯೊಳಗಿನ ಉಕ್ಕಿನ ಕಂಬಿ, ಅಂದರೆ ಟ್ರಸ್ ರಾಡ್. ಕಡಿಮೆ ದುಡ್ಡಿನ ಬೇಸ್ ಗೆಲ್ಲುವುದೂ ಸೋಲುವುದೂ ಇಲ್ಲೇ.

ವಾದ್ಯದ ವಯಸ್ಸು ಹೆಚ್ಚೇನಲ್ಲ. ಕ್ಯಾಲಿಫೋರ್ನಿಯಾದಲ್ಲಿ ರೇಡಿಯೊ ರಿಪೇರಿ ಅಂಗಡಿಯಿಂದ ಶುರುಮಾಡಿದ ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ತಂದ. ಆಳೆತ್ತರದ ಡಬಲ್ ಬೇಸನ್ನು ಕಾರಿನ ತಲೆಗೆ ಕಟ್ಟಿಕೊಂಡು ಊರೂರು ಅಲೆಯುತ್ತಿದ್ದ ವಾದಕರಿಗೆ ಹೆಗಲಿಗೆ ನೇತುಹಾಕಿಕೊಳ್ಳುವ ವಾದ್ಯ ಸಿಕ್ಕಿತು. ನೆಕ್ಕಿನ ಮೇಲೆ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳು ಇದ್ದುದರಿಂದ ಸ್ವರ ಕರಾರುವಾಕ್ಕಾಗಿ ಬೀಳುತ್ತಿತ್ತು, ಹೆಸರು ಬಂದದ್ದೂ ಅದರಿಂದಲೇ. 1957ರಲ್ಲಿ ಅದರ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ, ಎರಡು ತುಂಡಾಗಿ ಈಗಿನ ರೂಪಕ್ಕೆ ಬಂತು. 1960ರಲ್ಲಿ ಸಪೂರ ನೆಕ್ಕಿನ, ಎರಡು ಪಿಕಪ್ಪಿನ ಜಾಝ್ ಬೇಸ್ ಬಂತು. ಇವತ್ತು ಅಂಗಡಿಯಲ್ಲಿ ನೇತಾಡುವ ಅಗ್ಗದ ಬೇಸುಗಳಲ್ಲಿ ಬಹುಪಾಲು ಈ ಎರಡರ ಮಕ್ಕಳು, ಇಲ್ಲವೇ ಎರಡಕ್ಕೂ ಮದುವೆ ಮಾಡಿಸಿ ಹುಟ್ಟಿಸಿದ ಪಿ-ಜೆ ಸಂತಾನ.

ದುಡ್ಡಿಲ್ಲದೆ ಅಗ್ಗದ್ದು ಕೊಂಡವರ ಪಟ್ಟಿಯಲ್ಲಿ ಮೊದಲು ಬರುವ ಹೆಸರು ಪಾಲ್ ಮೆಕಾರ್ಟ್ನಿಯದು. 1961ರಲ್ಲಿ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದ ಆತನಿಗೆ ಫೆಂಡರಿನ ಬೆಲೆ ಕೈಗೆಟುಕಲಿಲ್ಲ. ಸುಮಾರು 30 ಪೌಂಡಿಗೆ ಸಿಕ್ಕಿದ್ದು ಪಿಟೀಲಿನ ಆಕಾರದ ಜರ್ಮನಿಯ ಹಾಫ್ನರ್. ಎಡಗೈಯವನಾದ ಆತ ತಿರುಗಿಸಿ ಹಿಡಿದರೂ ಆಕಾರ ಅಸಹ್ಯವಾಗಿ ಕಾಣುತ್ತಿರಲಿಲ್ಲ ಎನ್ನುವುದು ಇನ್ನೊಂದು ಕಾರಣ. ಬೀಟಲ್ಸ್‌ನ ಮೊದಲ ಹಾಡುಗಳ ಬೇಸ್ ಅದೇ. 1972ರಲ್ಲಿ ಕಳುವಾಗಿದ್ದ ಅದು ಮತ್ತೆ ಕೈಸೇರಿದ ಸುದ್ದಿ 2024ರಲ್ಲಿ ಬಂತು. ಅಗ್ಗದ್ದು ಎಂದು ಮೂಗು ಮುರಿಯುವವರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ಸಿಕ್ಕಿಲ್ಲ.

ಮೂರು ಹೆಸರು, ಮೂವತ್ತು ದೂರು

ಹದಿನೈದರಿಂದ ಮೂವತ್ತು ಸಾವಿರದೊಳಗೆ ಕೊಳ್ಳುವವರ ಬಾಯಲ್ಲಿ ಸುತ್ತುವುದು ಮುಖ್ಯವಾಗಿ ಮೂರು ಸಾಲು: ಐಬನೆಜ್‌ನ ಜಿಯೊ, ಯಮಹಾದ ಟಿಆರ್‌ಬಿಎಕ್ಸ್, ಫೆಂಡರ್‌ನ ಕಿರಿಯ ಬ್ರ್ಯಾಂಡ್ ಸ್ಕ್ವೈರ್. ಸ್ಕ್ವೈರ್ ಮೊದಲಿಗೆ ಮಿಶಿಗನ್ನಿನ ತಂತಿ ಕಂಪನಿ. ಫೆಂಡರ್ ಅದನ್ನು 1965ರಲ್ಲಿ ಕೊಂಡು, 1982ರಲ್ಲಿ ಜಪಾನಿನಲ್ಲಿ ತಯಾರಿಸಿದ ಕಡಿಮೆ ಬೆಲೆಯ ಗಿಟಾರುಗಳಿಗೆ ಆ ಹಳೆಯ ಹೆಸರನ್ನು ಅಂಟಿಸಿತು. ಐಬನೆಜ್ ಕೂಡ ಸ್ಪೇನಿನ ಗಿಟಾರ್ ಕುಶಲಿಯೊಬ್ಬರ ಹೆಸರು ಹೊತ್ತ ಜಪಾನೀ ಕಂಪನಿ. ಈಗ ಈ ಬೆಲೆಯ ವಾದ್ಯಗಳು ಬಹುಪಾಲು ಬರುವುದು ಇಂಡೊನೇಷ್ಯಾ ಇಲ್ಲವೇ ಚೀನಾದಿಂದ.

ಜಿಯೊ ಸಾಲಿನ ಜಿಎಸ್‌ಆರ್-200 ಬಗ್ಗೆ ಎಲ್ಲರೂ ಮೊದಲು ಹೊಗಳುವುದು ನೆಕ್ಕನ್ನು. ಸಪೂರ, ಕೈಗೆ ಸಲೀಸು, ಮೈ ಹಗುರ. ಮೂರು ಗಂಟೆ ನಿಂತು ನುಡಿಸಿದರೂ ಹೆಗಲು ಬೈಯುವುದಿಲ್ಲ. ಬೆರಳು ಚಿಕ್ಕದಿರುವ ಹೈಸ್ಕೂಲು ಮಕ್ಕಳಿಗೆ ಇದನ್ನೇ ಕೊಡಿಸಿ ಎನ್ನುವವರು ಹೆಚ್ಚು. ದೂರು ಏನೆಂದರೆ, ಬ್ಯಾಂಡಿನ ನಡುವೆ ಇದರ ದನಿ ಸ್ವಲ್ಪ ತೆಳುವಾಗುತ್ತದೆ. ಅದಕ್ಕೆಂದೇ ಕಂಪನಿಯವರು ಫ್ಯಾಟ್ ಎನ್ನುವ ಒಂದು ಗುಂಡಿ ಇಟ್ಟಿದ್ದಾರೆ. ತಿರುಗಿಸಿದರೆ ಮಂದ್ರ ಉಬ್ಬುತ್ತದೆ. ಆ ಗುಂಡಿಯನ್ನು ತುದಿವರೆಗೆ ತಿರುಗಿಸಿಟ್ಟು, ಕೇಬಲ್ ಸಿಕ್ಕಿಸಿದ ಹಾಗೇ ಮಲಗುವವರು ಒಂದು ದಿನ ಕಾಯಿಲೆ ಬಿದ್ದ ದನಿ ಕೇಳಿ ಬೇಸನ್ನೇ ಬೈಯುತ್ತಾರೆ. ಒಳಗೊಂದು 9 ವೋಲ್ಟಿನ ಬ್ಯಾಟರಿ ಇದೆ, ಜ್ಯಾಕ್ ಸಿಕ್ಕಿಸಿದೊಡನೆ ಅದು ಖರ್ಚಾಗತೊಡಗುತ್ತದೆ ಎನ್ನುವುದನ್ನು ಕೊಳ್ಳುವ ದಿನ ಯಾರೂ ಹೇಳಿರುವುದಿಲ್ಲ.

ಯಮಹಾದ ಟಿಆರ್‌ಬಿಎಕ್ಸ್-174 ಬಗ್ಗೆ ಬೈಗುಳವೂ ಕಡಿಮೆ, ಪ್ರೀತಿಯೂ ಕಡಿಮೆ. ಬ್ಯಾಟರಿಯ ತಾಪತ್ರಯವಿಲ್ಲ, ಎರಡು ವಾಲ್ಯೂಮ್, ಒಂದು ಟೋನ್, ಅಷ್ಟೇ. ಡಬ್ಬ ಬಿಚ್ಚಿದಾಗಲೇ ಫ್ರೆಟ್ಟಿನ ಅಂಚುಗಳು ನುಣ್ಣಗಿರುತ್ತವೆ, ಶ್ರುತಿ ನಿಲ್ಲುತ್ತದೆ. ಬಾಡಿಗೆಗೆ ವಾದ್ಯ ಕೊಡುವವರಿಗೆ, ಸಂಗೀತ ಶಾಲೆಗಳಿಗೆ ಇದು ಇಷ್ಟವಾಗುವುದು ಈ ಗುಣಕ್ಕೇ. ಆದರೆ ಹದಿನೇಳರ ಹರೆಯದ ಹುಡುಗ ಇದನ್ನು ನೋಡಿ ಮುಖ ಸಿಂಡರಿಸುತ್ತಾನೆ. ಯಾಕೆಂದರೆ ಗೋಡೆಯ ಪೋಸ್ಟರಿನಲ್ಲಿರುವ ಯಾವ ಬೇಸಿನಂತೆಯೂ ಇದು ಕಾಣುವುದಿಲ್ಲ.

ಪೋಸ್ಟರಿನಲ್ಲಿರುವುದು ಪ್ರಿಸಿಷನ್. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ಬಂದು ನುಡಿಸಿದಾಗ ಅದರ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಹೆಗಲಲ್ಲಿದ್ದದ್ದು ಅದೇ ಜಾತಿ. ಆವತ್ತು ಬನಶಂಕರಿ, ಜಯನಗರಗಳಿಂದ ಬಸ್ಸು ಹತ್ತಿ ಹೋದವರಲ್ಲಿ ಅನೇಕರು ಈಗ ನಲವತ್ತರ ಹತ್ತಿರ ಇದ್ದಾರೆ, ಸಾಫ್ಟ್‌ವೇರ್ ಕಂಪನಿಗಳಲ್ಲಿದ್ದಾರೆ, ಆಗ ಕೊಳ್ಳಲಾಗದ ಬೇಸನ್ನು ಈಗ ಕೊಳ್ಳುತ್ತಿದ್ದಾರೆ. ಪ್ರಿಸಿಷನ್ ಆಕಾರದ ಸ್ಕ್ವೈರ್ ಅಫಿನಿಟಿಯ ಗಿರಾಕಿಗಳಲ್ಲಿ ಇವರೂ ಇದ್ದಾರೆ. ದನಿ ಇವರಿಗೆ ಒಪ್ಪುತ್ತದೆ, ಆಕಾರವಂತೂ ಒಪ್ಪಿಯೇ ಕೊಂಡದ್ದು. ದೂರು ತೂಕದ ಹಂಚಿಕೆಯದು. ಪಾಪ್ಲರ್ ಮರದ ಮೈ ಹಗುರವಾಗಿ, ಟ್ಯೂನಿಂಗ್ ಕೀಗಳಿರುವ ತಲೆ ಭಾರವಾಗಿ, ಎಡಗೈ ಬಿಟ್ಟೊಡನೆ ನೆಕ್ ನೆಲದ ಕಡೆ ಇಳಿಯುತ್ತದೆ. ಒಳಮೈ ಒರಟಾಗಿರುವ, ಅಗಲವಾದ ಚರ್ಮದ ಸ್ಟ್ರಾಪ್ ಹಾಕಿದರೆ ಅರ್ಧ ತೊಂದರೆ ಕಳೆಯುತ್ತದೆ. ಜಾರುವ ನೈಲಾನ್ ಪಟ್ಟಿ ಹಾಕಿಕೊಂಡು ವಾದ್ಯಕ್ಕೆ ಬೈದು ಉಪಯೋಗವಿಲ್ಲ.

ಈ ಮೂರರಲ್ಲಿ ಯಾವುದು ಮೇಲು? ನನ್ನನ್ನು ಕೇಳಿದರೆ ಪ್ರಶ್ನೆಯೇ ತಡವಾಗಿ ಬಂದದ್ದು. ಮೂವತ್ತು ವರ್ಷದ ಹಿಂದೆ ಕೇಳಬೇಕಿತ್ತು. ಆಗ ಅಗ್ಗದ ಬೇಸ್ ಎಂದರೆ ನೆಕ್ ತಿರುಚಿದ್ದು, ಫ್ರೆಟ್ ಎದ್ದದ್ದು, ಹನ್ನೆರಡನೇ ಫ್ರೆಟ್ಟಿನಲ್ಲಿ ಅಪಸ್ವರ ಹಾಡುವುದು ಮಾಮೂಲು. ಈಗ ಮರ ಕೊರೆಯುವುದು, ಫ್ರೆಟ್ಟಿಗೆ ಸೀಳು ಕೊಯ್ಯುವುದು ಎಲ್ಲ ಕಂಪ್ಯೂಟರ್ ನಡೆಸುವ ಯಂತ್ರ. ಒಂದೇ ಮಾದರಿಯ ಎರಡು ಬೇಸುಗಳ ನಡುವೆ ಮೊದಲಿನಷ್ಟು ಅಂತರ ಉಳಿದಿಲ್ಲ. ಯಂತ್ರ ಮಾಡದೆ ಬಿಡುವುದು ಕೊನೆಯ ಅರ್ಧ ಗಂಟೆಯ ಕೈಕೆಲಸ, ಅಂದರೆ ಸೆಟಪ್. ಅಗ್ಗದ ಬೇಸ್ ಬಗ್ಗೆ ಬಾಯಿಂದ ಬಾಯಿಗೆ ಹರಡುವ ಅಭಿಪ್ರಾಯಗಳಲ್ಲಿ ಮುಕ್ಕಾಲು ಪಾಲು ಈ ಅರ್ಧ ಗಂಟೆಯ ಬಗ್ಗೆಯೇ ಹೊರತು ವಾದ್ಯದ ಬಗ್ಗೆ ಅಲ್ಲ.

ಅಲನ್ ಕೀಯ ಕಾಲು ಸುತ್ತು

ಬೆರಳು ನೋಯುತ್ತದೆ ಎಂದು ಹುಡುಗಿಯೊಬ್ಬಳು ಹೊಸ ಬೇಸನ್ನು ರಿಪೇರಿಯವರ ಬಳಿ ತಂದಳು ಎಂದಿಟ್ಟುಕೊಳ್ಳಿ. ಬಲ್ಲವರು ಮೊದಲು ಶ್ರುತಿ ಮಾಡುತ್ತಾರೆ. ಶ್ರುತಿ ಇಲ್ಲದ ಬೇಸಿನ ನೆಕ್ ಅಳೆಯುವುದು ವ್ಯರ್ಥ. ಆಮೇಲೆ ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತುತ್ತಾರೆ. ಆಗ ತಂತಿಯೇ ನೇರಗೆರೆ ಎಳೆಯುವ ದಾರ. ಏಳು-ಎಂಟನೇ ಫ್ರೆಟ್ಟಿನ ಹತ್ತಿರ ತಂತಿಗೂ ಲೋಹಕ್ಕೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದಿ ಇದ್ದರೆ ಸರಿ. ಎರಡು ಮೂರು ಕಾರ್ಡ್ ತೂರಿದರೆ ನೆಕ್ ಮುಂದಕ್ಕೆ ಬಾಗಿದೆ. ಸಂದಿಯೇ ಇಲ್ಲದಿದ್ದರೆ ತೀರ ನೇರವಿದೆ ಇಲ್ಲವೇ ಹಿಂದಕ್ಕೆ ಬಾಗಿದೆ, ತಲೆಯ ಬಳಿಯ ಸ್ವರಗಳಲ್ಲಿ ಜಿರ್ ಎನ್ನುತ್ತದೆ. ಟ್ರಸ್ ರಾಡಿಗೆ ಅಲನ್ ಕೀ ಹಾಕಿ ಕಾಲು ಸುತ್ತು, ಅಷ್ಟೇ. ಮತ್ತೆ ಶ್ರುತಿ, ಮತ್ತೆ ಕಾರ್ಡ್. ಆತುರಕ್ಕೆ ಬಿದ್ದು ಒಂದು ಪೂರ್ತಿ ಸುತ್ತು ತಿರುಗಿಸುವವರ ಕೈಗೆ ನಿಮ್ಮ ವಾದ್ಯ ಕೊಡಬೇಡಿ.

ನಂತರ ನಟ್. ತಲೆಯ ಬಳಿ ತಂತಿ ಕೂರುವ ಬಿಳಿ ಪಟ್ಟಿಯಲ್ಲಿನ ಸೀಳುಗಳನ್ನು ಅಗ್ಗದ ಬೇಸುಗಳಲ್ಲಿ ಬೇಕೆಂದೇ ಆಳ ಕೊಯ್ದಿರುವುದಿಲ್ಲ. ಜಾಸ್ತಿ ಕೊಯ್ದರೆ ಪಟ್ಟಿ ಎಸೆಯಬೇಕು, ಕಡಿಮೆ ಕೊಯ್ದರೆ ಗಿರಾಕಿ ಒತ್ತಿಕೊಳ್ಳುತ್ತಾನೆ ಎಂಬ ಲೆಕ್ಕ. ಹುಡುಗಿಯ ಬೆರಳು ನೋಯುವುದು ಇದರಿಂದ. ಮೊದಲ ಫ್ರೆಟ್ಟಿನಲ್ಲಿ ಒತ್ತಿದ ಸ್ವರ ಕೂದಲೆಳೆ ಏರಿ ಕೇಳುವುದೂ ಇದರಿಂದಲೇ. ಸಣ್ಣ ಅರದಿಂದ ನಾಲ್ಕಾರು ಸಲ ಉಜ್ಜಿದರೆ ಬೇಸು ಬೇರೆಯದೇ ಆಗಿಬಿಡುತ್ತದೆ. ಕೊನೆಗೆ ಬ್ರಿಡ್ಜ್, ಅಂದರೆ ತಂತಿಯ ಇನ್ನೊಂದು ತುದಿ ಕೂರುವ ಲೋಹದ ತಟ್ಟೆ. ಹನ್ನೆರಡನೇ ಫ್ರೆಟ್ಟಿನಲ್ಲಿ ಒತ್ತಿದ ಸ್ವರ ಮತ್ತು ಅಲ್ಲೇ ತಾಗಿಸಿದ ಹಾರ್ಮೊನಿಕ್ ಎರಡೂ ಟ್ಯೂನರಿನಲ್ಲಿ ಒಂದೇ ಕಡೆ ನಿಲ್ಲಬೇಕು. ಒತ್ತಿದ್ದು ಏರಿದ್ದರೆ ಬ್ರಿಡ್ಜಿನಲ್ಲಿ ತಂತಿಯನ್ನು ಹೊತ್ತ ಸ್ಯಾಡಲ್ಲನ್ನು ಹಿಂದಕ್ಕೆ ಸರಿಸಬೇಕು.

ಇಷ್ಟಕ್ಕೆ ಸಾವಿರವೋ ಎರಡು ಸಾವಿರವೋ ಕೊಡಲು ಹಿಂದೆಮುಂದೆ ನೋಡುವವರು, ಅದೇ ವಾರ ಹತ್ತು ಸಾವಿರ ಹೆಚ್ಚಿನ ಬೇಸ್ ಕೊಳ್ಳುವ ಯೋಚನೆ ಮಾಡುತ್ತಿರುತ್ತಾರೆ. ಆ ಹೆಚ್ಚಿನ ಬೆಲೆಯದೂ ಇದೇ ಸೆಟಪ್ ಕೇಳುತ್ತದೆ.

ಫಿಂಗರ್‌ಬೋರ್ಡಿನ ಮರದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಬೆರಳು ಓಡಾಡುವ ಕಂದು ಪಟ್ಟಿಗೆ ಮೊದಲೆಲ್ಲ ರೋಸ್‌ವುಡ್ ಬಳಸುತ್ತಿದ್ದರು, ನಮ್ಮ ಬೀಟೆಯೂ ಅದರಲ್ಲಿ ಸೇರಿತ್ತು. 2017ರ ಜನವರಿಯಲ್ಲಿ ಆ ಇಡೀ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಾಗದಪತ್ರದ ಕಟ್ಟುಪಾಡು ಬಂತು. ಕಡಿಮೆ ಬೆಲೆಯ ಗಿಟಾರಿಗೆ ಆ ರಗಳೆ ಯಾರಿಗೆ ಬೇಕು? 2019ರ ಕೊನೆಗೆ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತಾದರೂ ಅಷ್ಟರಲ್ಲಿ ಸ್ಕ್ವೈರ್ ಮುಂತಾದವರು ಇಂಡಿಯನ್ ಲಾರೆಲ್ ಎಂಬ ಮರಕ್ಕೆ ಬದಲಾಗಿದ್ದರು. ಹೆಸರು ಕೇಳಿ ಯಾವುದೋ ಪರದೇಶಿ ಮರ ಎಂದುಕೊಂಡು "ಇದು ರೋಸ್‌ವುಡ್ ಅಲ್ಲ, ನಕಲಿ" ಎನ್ನುವವರಿದ್ದಾರೆ. ಅದು ನಮ್ಮ ಮತ್ತಿ. ಶಿವಮೊಗ್ಗ, ಉತ್ತರ ಕನ್ನಡದ ಕಾಡಿನಲ್ಲಿ ಮೊಸಳೆ ಚರ್ಮದಂಥ ತೊಗಟೆ ಹೊತ್ತು ನಿಂತಿರುವ ಮರ. ಒಣಗಿದಂತೆ ಕಂಡರೆ ವರ್ಷಕ್ಕೊಮ್ಮೆ ಒಂದು ಹನಿ ಎಣ್ಣೆ ಸವರಿದರೆ ಆಯಿತು.

ಗೋಡೆಯಾಚೆಯ ಅಭಿಪ್ರಾಯ

ಬೇಸ್ ನುಡಿಸುವವರ ಅಭಿಪ್ರಾಯ ಕೇಳಿದ್ದಾಯಿತು. ಪಕ್ಕದ ಮನೆಯವರದು ಬೇರೆ ಇರುತ್ತದೆ. ಕೆಳತಂತಿಯ 41 ಕಂಪನದ ಅಲೆಯ ಉದ್ದ ಎಂಟು ಮೀಟರಿಗಿಂತ ಸ್ವಲ್ಪ ಹೆಚ್ಚು, ಅಂದರೆ ಸುಮಾರು 27 ಅಡಿ. ಪದ್ಮನಾಭನಗರದ ಥರ್ಟಿ-ಫಾರ್ಟಿ ಸೈಟಿನ ಅಗಲಕ್ಕೆ ಹೆಚ್ಚುಕಡಿಮೆ ಒಂದು ಅಲೆ. ಹತ್ತಡಿ-ಹನ್ನೆರಡಡಿಯ ಕೋಣೆಯಲ್ಲಿ ಕೂತು ನುಡಿಸುವವನಿಗೆ ತನ್ನ ಬೇಸು ಸಪ್ಪೆ ಎನಿಸುತ್ತದೆ, ಗುಂಡಿ ತಿರುಗಿಸುತ್ತಾನೆ. ಅದೇ ಹೊತ್ತಿಗೆ ಗೋಡೆಯಾಚೆ ಅಜ್ಜನ ಮಂಚ ಗುಂಯ್ಗುಡುತ್ತಿರುತ್ತದೆ. ಆಂಪನ್ನು (ಆಂಪ್ಲಿಫೈಯರ್) ಕೋಣೆಯ ಮೂಲೆಯಿಂದ ಈಚೆ ತಂದು, ನೆಲಕ್ಕೆ ತಾಗದಂತೆ ಸ್ಟೂಲಿನ ಮೇಲಿಟ್ಟರೆ ಇಬ್ಬರಿಗೂ ಒಳ್ಳೆಯದು. ಹೆಡ್‌ಫೋನ್ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಅಗ್ಗದ ಬೇಸಿಗೆ ಬೀಳುವ ಬೈಗುಳದಲ್ಲಿ ದೊಡ್ಡ ಪಾಲು ನಿಜವಾಗಿ ಸೇರಬೇಕಾದದ್ದು ಆಂಪಿಗೆ. ಇದ್ದಬದ್ದ ದುಡ್ಡೆಲ್ಲ ಬೇಸಿಗೆ ಸುರಿದು, ತಮ್ಮನ ಗಿಟಾರ್ ಆಂಪಿಗೋ ಫೋನಿನ ಬ್ಲೂಟೂತ್ ಡಬ್ಬಿಗೋ ಸಿಕ್ಕಿಸಿದರೆ ಅಷ್ಟು ಕೆಳಗಿನ ಸ್ವರ ಆ ಸ್ಪೀಕರಿನಿಂದ ಹೊರಬರುವುದೇ ಇಲ್ಲ. ನಾವು ಕೇಳುವುದು ಅದರ ಮೇಲಿನ ಅನುಸ್ವರಗಳನ್ನು. ಮೂಲಸ್ವರವನ್ನು ಮಿದುಳೇ ತುಂಬಿಕೊಳ್ಳುತ್ತದೆ. ಬೆಲೆ ಎಷ್ಟೇ ಇರಲಿ, ಒಟ್ಟು ದುಡ್ಡಿನಲ್ಲಿ ಮೂರನೆಯ ಒಂದು ಭಾಗ ಆಂಪಿಗೆ ಎತ್ತಿಡಿ ಎಂಬುದು ಹಳಬರ ಮಾತು. ಅದನ್ನು ಕೇಳಿದವರು ಕಡಿಮೆ.

ಇನ್ನೊಂದು ಮಾಮೂಲು ದೂರು ಗುಂಯ್ ಎನ್ನುವ ಸದ್ದು. ತಂತಿ ಮೇಲಿನ ಕೈ ತೆಗೆದೊಡನೆ ಸದ್ದು ಏರಿದರೆ, ಹಳೆಯ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಗೋಡೆಯ ಪ್ಲಗ್ಗಿನ ಅರ್ಥಿಂಗ್. ಮೂರನೇ ಪಿನ್ನಿಗೆ ತಂತಿಯೇ ಹೋಗಿರದ ಮನೆಗಳು ಇನ್ನೂ ಇವೆ, ಅದು ಬರೀ ಸದ್ದಿನ ವಿಷಯವೂ ಅಲ್ಲ. ತಮಾಷೆ ಎಂದರೆ, ನಮ್ಮ ಕರೆಂಟಿನ 50 ಹರ್ಟ್ಝಿನ ಇಮ್ಮಡಿ 100, ಬೇಸಿನ ಅತಿ ಮೇಲಿನ ತಂತಿ 98. ಅರ್ಥಿಂಗ್ ಕೆಟ್ಟ ಮನೆಯಲ್ಲಿ ಆ ತಂತಿಗೆ ಬಿಟ್ಟಿ ತಂಬೂರಿ ಸಿಗುತ್ತದೆ, ಸ್ವಲ್ಪ ಏರುಶ್ರುತಿಯದ್ದು.

ಇಷ್ಟೆಲ್ಲ ಮಾಡಿ ನುಡಿಸುವುದೆಲ್ಲಿ? ಗಣೇಶನ ಪೆಂಡಾಲು ಈ ಕಡೆಯವರಿಗೆ ದೊಡ್ಡ ವೇದಿಕೆ. 1962ರಿಂದ ನಡೆದುಬಂದಿರುವ ಬಸವನಗುಡಿಯ ಬೆಂಗಳೂರು ಗಣೇಶ ಉತ್ಸವದಿಂದ ಹಿಡಿದು ಗಲ್ಲಿಯ ಮೂಲೆಯ ಶಾಮಿಯಾನದವರೆಗೆ ಆರ್ಕೆಸ್ಟ್ರಾ ಇಲ್ಲದ ಹಬ್ಬವಿಲ್ಲ. ಆದರೆ ಕೀಬೋರ್ಡಿನವರು ಎಡಗೈಯಲ್ಲೇ ಬೇಸ್ ಒತ್ತಿಬಿಡುವುದರಿಂದ ಒಂದು ಸಂಭಾವನೆ ಉಳಿಯುತ್ತದೆ. ಬೇಸ್ ವಾದಕನಿಗೆ ಕರೆ ಬರುವುದು ಇಳಯರಾಜರ ಹಾಡುಗಳು ಪಟ್ಟಿಯಲ್ಲಿದ್ದಾಗ. 'ಗೀತಾ' (1981), 'ಪಲ್ಲವಿ ಅನುಪಲ್ಲವಿ' (1983) ಸಿನಿಮಾಗಳ ಹಾಡುಗಳನ್ನು ಕೀಬೋರ್ಡಿನ ಎಡಗೈಗೆ ಒಪ್ಪಿಸಿ ನೋಡಿ, ಏನೋ ಕಳೆದುಹೋಗಿರುತ್ತದೆ. ಆ ಹಾಡುಗಳಲ್ಲಿ ಬೇಸ್ ತಾಳದ ಹಿಂದೆ ಅಡಗಿ ಕೂರುವುದಿಲ್ಲ, ಹಾಡುಗಾರರ ಜೊತೆ ಮಾತಿಗೆ ಇಳಿಯುತ್ತದೆ. ಆರ್ಕೆಸ್ಟ್ರಾದವರಿಗೆ ಆದ್ದರಿಂದ ಮೇಲಿನ ಫ್ರೆಟ್ಟುಗಳಲ್ಲೂ ಸ್ಪಷ್ಟವಾಗಿ ಹಾಡುವ ಬೇಸ್ ಬೇಕು, ಜಿಯೊ ಕಡೆ ವಾಲುತ್ತಾರೆ. ಚರ್ಚಿನಲ್ಲಿ ನುಡಿಸುವವರಿಗೆ ದುಂಡನೆಯ, ತಕರಾರಿಲ್ಲದ ದನಿ ಸಾಕು. ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದಲ್ಲಿ ನುಡಿಸಿದ ಗೌರವ್ ವಾಝ್, ಸ್ವರಾತ್ಮ ತಂಡದ ಜಿಷ್ಣು ದಾಸ್‌ಗುಪ್ತ ಇಂಥವರನ್ನು ನೋಡಿ ಬೇಸ್ ಹಿಡಿದವರು ಕುಣಿಯಲು ಹಗುರವಾದದ್ದನ್ನೇ ಕೇಳುತ್ತಾರೆ. ಒಂದೇ ವಾದ್ಯಕ್ಕೆ ಐದು ನಕ್ಷತ್ರವೂ ಒಂದು ನಕ್ಷತ್ರವೂ ಬೀಳುವುದು ಹೀಗೆ.

ತಂತಿಯ ಖರ್ಚು ಮಾತ್ರ ಎಲ್ಲರಿಗೂ ಒಂದೇ. ಒಳ್ಳೆಯ ಒಂದು ಸೆಟ್ಟಿಗೆ ಎರಡು ಸಾವಿರದ ಆಸುಪಾಸು. ಬೆವರು ಕೊಳೆ ಸೇರಿ ದನಿ ಮಂಕಾದ ಹಳೆಯ ತಂತಿಯನ್ನು ಬಿಚ್ಚಿ ಕುದಿಯುವ ನೀರಿಗೆ ಹಾಕಿ ಹತ್ತು ನಿಮಿಷ ಬೇಯಿಸುವುದು ಪ್ರಪಂಚದ ಎಲ್ಲ ಬಡ ಬೇಸ್ ವಾದಕರ ಉಪಾಯ. ಚೆನ್ನಾಗಿ ಒರೆಸಿ ಒಣಗಿಸಿ ಹಾಕಿದರೆ ಇನ್ನೂ ಕೆಲವು ದಿನ ಮಿಂಚುತ್ತದೆ. ಸಾರಿನ ಪಾತ್ರೆ ಎತ್ತಿಕೊಂಡರೆ ಮನೆಯಲ್ಲಿ ಬರುವ ಅಭಿಪ್ರಾಯ ಏನೆಂದು ಹೇಳಬೇಕಾಗಿಲ್ಲ. ಬೇಡವೆಂದರೆ ಮೇಲ್ಮೈ ನುಣುಪಾದ ಫ್ಲ್ಯಾಟ್‌ವೌಂಡ್ ತಂತಿ ಹಾಕಿಸಿಕೊಳ್ಳಬಹುದು. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತನ್ನ 1962ರ ಪ್ರಿಸಿಷನ್ನಿಗೆ ಹಾಕಿದ್ದು ಅವನ್ನೇ. ತುಂಡಾಗುವವರೆಗೆ ಬದಲಿಸುತ್ತಿರಲಿಲ್ಲ ಎಂಬುದು ಪ್ರಸಿದ್ಧ.

ಕರ್ನಾಟಕ ಸಂಗೀತ ಕಲಿತು ಬೇಸಿಗೆ ಬಂದವರ ಅಭಿಪ್ರಾಯವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅವರ ತಕರಾರು ಬೆಲೆಯ ಬಗ್ಗೆಯೂ ಅಲ್ಲ, ಕಂಪನಿಯ ಬಗ್ಗೆಯೂ ಅಲ್ಲ. ಫ್ರೆಟ್ಟಿನ ಬಗ್ಗೆ. ದಪ್ಪ ತಂತಿಯನ್ನು ಅಡ್ಡಕ್ಕೆ ಎಳೆದು ಗಮಕ ತೆಗೆಯುವುದು ಕಷ್ಟ, ತೋಡಿಯ ಗಾಂಧಾರವಂತೂ ದೂರದ ಮಾತು. ಹಾಗಾಗಿ ಫ್ರೆಟ್ಟನ್ನೇ ಕಿತ್ತುಬಿಡೋಣ ಎಂದು ಇವರಲ್ಲಿ ಕೆಲವರ ಕಣ್ಣು ಮನೆಯಲ್ಲಿರುವ ಹಳೆಯ ಅಗ್ಗದ ಬೇಸಿನ ಮೇಲೆ ಬೀಳುತ್ತದೆ. ಅಮೆರಿಕದ ಬೇಸ್ ವಾದಕ ಜಾಕೊ ಪಸ್ಟೋರಿಯಸ್ ತನ್ನ ಜಾಝ್ ಬೇಸಿನ ಫ್ರೆಟ್ ಕಿತ್ತು ದೋಣಿಗೆ ಬಳಿಯುವ ಎಪಾಕ್ಸಿ ಬಳಿದ ಕಥೆ ಎಲ್ಲರಿಗೂ ಗೊತ್ತು. ಲಕ್ಷ ರೂಪಾಯಿಯ ಫೆಂಡರಿಗೆ ಇಕ್ಕಳ ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ. ಎಂಟು-ಹತ್ತು ಸಾವಿರಕ್ಕೆ ಸಿಕ್ಕ ಸೆಕೆಂಡ್ ಹ್ಯಾಂಡಿಗೆ ಬರುತ್ತದೆ. ಸೋಲ್ಡರಿಂಗ್ ಐರನ್ನಿನಿಂದ ಫ್ರೆಟ್ಟನ್ನು ಬಿಸಿಮಾಡಿ ಮೆಲ್ಲಗೆ ಎತ್ತಿದರೆ ಮರ ಸಿಬಿರೇಳುವುದು ಕಡಿಮೆ. ಖಾಲಿ ಸೀಳಿಗೆ ತೆಳ್ಳನೆಯ ಮರದ ಹಾಳೆ ತುಂಬಿ ಅಂಟಿಸಿ, ಮಟ್ಟಸ ಉಜ್ಜಬೇಕು. ಆಮೇಲೆ ನಟ್ ಇನ್ನಷ್ಟು ತಗ್ಗಿಸಬೇಕು, ಏಕೆಂದರೆ ತಂತಿ ಈಗ ನೇರ ಮರದ ಮೇಲೆ ಇಳಿಯುತ್ತದೆ. ಮಾಮೂಲು ದುಂಡು ಸುರುಳಿಯ ತಂತಿ ಮತ್ತಿಯನ್ನು ತಿಂಗಳೊಪ್ಪತ್ತಿನಲ್ಲಿ ಕೆರೆದುಹಾಕುತ್ತದೆ, ಫ್ಲ್ಯಾಟ್‌ವೌಂಡ್ ಹಾಕಿಸಿ.